ಆಲಿವ್ ಮರದ ಕಹಿ ಕಾವಲು: ತೋಟದಲ್ಲಿ ಅದಕ್ಕೆ ಬಲ ತುಂಬುವುದು ಹೇಗೆ?

ಆಲಿವ್ ಮರದ ಹಸಿ ಎಲೆಯೊಂದನ್ನು ಅಗಿದು ನೋಡಿದರೆ ನಾಲಿಗೆಯ ಬುಡದವರೆಗೂ ಕಹಿ ಇಳಿಯುತ್ತದೆ. ನಮ್ಮ ಮಲ್ಲಿಗೆಯ ಕುಟುಂಬಕ್ಕೇ ಸೇರಿದ ಈ ಮರದ ಕಹಿಗೆ ಮುಖ್ಯ ಕಾರಣ ಒಲಿಯೂರೋಪೀನ್ ಎಂಬ ಸಂಯುಕ್ತ. ಎಲೆಯ ಜೀವಕೋಶದಲ್ಲಿ ಅದು ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಹುಳು ಕಚ್ಚಿದಾಗ ಅಥವಾ ಎಲೆ ಜಜ್ಜಿಹೋದಾಗ ಎರಡೂ ಬೆರೆಯುತ್ತವೆ. ಆಗ ಹುಟ್ಟುವ ವಸ್ತುವು ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳನ್ನು ಕೆಡಿಸುವುದರಿಂದ ತಿಂದ ಎಲೆಯ ಸತ್ವ ಹುಳುವಿಗೆ ದಕ್ಕುವುದಿಲ್ಲ.

ಆದರೆ ಈ ಕಾವಲಿಗೂ ಮಿತಿಯಿದೆ. ಇಟಲಿಯ ಪುಲಿಯಾದಲ್ಲಿ, ಗಲ್ಲಿಪೊಲಿಯ ಸುತ್ತ, 2013ರಲ್ಲಿ ಪತ್ತೆಯಾದ ಕ್ಸೈಲೆಲ್ಲಾ ಫಾಸ್ಟಿಡಿಯೋಸಾ ಎಂಬ ಬ್ಯಾಕ್ಟೀರಿಯಾವನ್ನು ಗಿಡಮರಗಳ ರಸ ಹೀರುವ ನೊರೆಹುಳು ಎಂಬ ಕೀಟ ನೇರವಾಗಿ ನೀರು ಸಾಗಿಸುವ ನಾಳಕ್ಕೇ ತಲುಪಿಸುತ್ತದೆ. ನಾಳ ಕಟ್ಟಿಕೊಂಡು, ಶತಮಾನಗಳಷ್ಟು ಹಳೆಯ ಮರಗಳೂ ತುದಿಯಿಂದ ಒಣಗುತ್ತಾ ಬಂದವು. ಹಾಗಾಗಿ ಮರದ ಸಹಜ ಶಕ್ತಿಯ ಜೊತೆಗೆ ಬೆಳೆಗಾರನ ಕೈಯೂ ಸೇರಲೇಬೇಕು.

ಮೊದಲನೆಯದು ತಳಿಯ ಆಯ್ಕೆ, ಉಳಿದೆಲ್ಲಕ್ಕಿಂತ ದೊಡ್ಡ ನಿರ್ಧಾರವೂ ಇದೇ. ಅಲ್ಲಿನ ಒಲಿಯಾರೊಲಾ ಮತ್ತು ಚೆಲ್ಲಿನಾ ತಳಿಗಳು ಬೇಗ ಸೋತವು. ಲೆಚ್ಚಿನೊ ಮತ್ತು ಎಫ್‌ಎಸ್-17 ತಳಿಗಳಲ್ಲಿ ಸೋಂಕು ತಗುಲಿದರೂ ಬ್ಯಾಕ್ಟೀರಿಯಾದ ಪ್ರಮಾಣ ತೀರಾ ಕಡಿಮೆ ಉಳಿಯುತ್ತದೆ, ಮರ ಫಲ ಕೊಡುತ್ತಲೇ ಇರುತ್ತದೆ. ಹತ್ತಿ ಅಥವಾ ಆಲೂಗಡ್ಡೆ ಬೆಳೆದ ಹೊಲವಾದರೆ ಮಣ್ಣಿನ ವರ್ಟಿಸಿಲಿಯಂ ಶಿಲೀಂಧ್ರದ ಭಯವಿರುವುದರಿಂದ ಪಿಕ್ವಾಲ್ ಬದಲು ಫ್ರಾಂತೋಯೊ ತಳಿ ಲೇಸು.

ಎರಡನೆಯದಾಗಿ, ಹಳೆಯ ಮರ ಇನ್ನೂ ಜೀವಂತವಾಗಿದ್ದರೆ ಅದರ ಮೇಲೆ ಲೆಚ್ಚಿನೊ ಕಡ್ಡಿಯನ್ನು ಕಸಿ ಮಾಡಬಹುದು. ಎಲ್ಲ ಕಸಿಯೂ ಉಳಿಯುವುದಿಲ್ಲವಾದರೂ, ಅಜ್ಜಂದಿರ ಕಾಲದ ಬುಡವನ್ನು ಉಳಿಸಿಕೊಳ್ಳಲು ಈ ಶ್ರಮ ಪಡಲೇಬೇಕು ಎಂಬುದು ನನ್ನ ನಂಬಿಕೆ.

ಮೂರನೆಯದು ಕಳೆ ತೆಗೆಯುವುದು. ವಸಂತದ ಆರಂಭದಲ್ಲಿ ಹುಲ್ಲಿನ ಗೆಣ್ಣುಗಳಲ್ಲಿ ಉಗುಳಿನಂಥ ಬಿಳಿ ನೊರೆ ಕಾಣುತ್ತದೆ. ಬೆರಳಿನಿಂದ ಸರಿಸಿದರೆ ಒಳಗೆ ನೊರೆಹುಳುವಿನ ಮೆತ್ತನೆಯ ಮರಿ. ಅದರಲ್ಲಿ ಇನ್ನೂ ರೋಗಾಣು ಇರುವುದಿಲ್ಲ. ರೆಕ್ಕೆ ಬಂದು, ಮರವೇರಿ, ಸೋಂಕಿತ ಕೊಂಬೆಯ ರಸ ಹೀರಿದ ಮೇಲಷ್ಟೇ ಅದು ರೋಗ ಹರಡುವುದರಿಂದ, ಅದಕ್ಕೆ ಮುಂಚೆಯೇ ಹುಲ್ಲನ್ನು ಉತ್ತು ಮಣ್ಣಿಗೆ ಸೇರಿಸಬೇಕು.

ಕೊನೆಯದಾಗಿ, ಕೊಂಬೆ ಸವರುವ ಕೆಲಸವನ್ನು ಒಣ ಹವೆಯಲ್ಲೇ ಮಾಡಬೇಕು. ಒದ್ದೆ ಗಾಯದ ಮೂಲಕ ಗಂಟುರೋಗದ ಬ್ಯಾಕ್ಟೀರಿಯಾ ಸುಲಭವಾಗಿ ಒಳಸೇರುತ್ತದೆ. ಮರದಿಂದ ಮರಕ್ಕೆ ಹೋಗುವಾಗ ಕತ್ತರಿಯನ್ನು ಸೋಂಕುನಿವಾರಕದಲ್ಲಿ ಅದ್ದಿ ಒರೆಸಬೇಕು. ಕಸಿಯ ಕೆಳಗಿನಿಂದ ಹೊರಡುವ ಚಿಗುರು ಹಳೆಯ ದುರ್ಬಲ ತಳಿಯದೇ ಆದ್ದರಿಂದ ಅದನ್ನು ಕಂಡಕಂಡಾಗ ಚಿವುಟಿ ಹಾಕಬೇಕು.