ಅರ್ಧ ಬೆಳ್ಳಿಯ ರೂಪಾಯಿ: ನಾನು ಪರೀಕ್ಷೆ ಮಾಡುವ ರೀತಿ

ಬ್ರಿಟಿಷ್ ದೊರೆ ಆರನೇ ಜಾರ್ಜ್‌ನ ತಲೆ ಇರುವ ಬೆಳ್ಳಿ ರೂಪಾಯಿ ಕೈಗೆ ಬಂದರೆ ನಾನು ಮೊದಲು ನೋಡುವುದು ಅಂಚನ್ನು. ಅಂಚಿನ ಗೆರೆಗಳ ನಡುವೆ ಸುತ್ತಲೂ ಒಂದು ಸಣ್ಣ ತೋಡು ಇದ್ದರೆ ಅದು ಯುದ್ಧಕಾಲದ್ದು, 1940ರಿಂದ 1945ರ ನಡುವಿನದು. ಮಾರುವವರು 'ಅಪ್ಪಟ ಬೆಳ್ಳಿ ಸಾರ್' ಅಂತ ಎಷ್ಟೇ ಹೇಳಲಿ, ಅದರಲ್ಲಿ ಬೆಳ್ಳಿ ನೂರಕ್ಕೆ 50 ಮಾತ್ರ. ಉಳಿದದ್ದು 40 ತಾಮ್ರ, 5 ನಿಕ್ಕಲ್, 5 ಸತು. ಅದಕ್ಕೂ ಹಿಂದಿನ ಹಳೇ ರೂಪಾಯಿಯಲ್ಲಿ ಸುಮಾರು 92 ಬೆಳ್ಳಿ ಇತ್ತು.

ಸುಮ್ನೆ ತೂಗಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡೂ 11.66 ಗ್ರಾಮೇ. ಅದಕ್ಕೇ ನಾನು ನೀರಲ್ಲಿ ಮುಳುಗಿಸಿ ನೋಡುತ್ತೇನೆ. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತರಬೇಕು, ಆಮೇಲೆ ನಾಣ್ಯಕ್ಕೆ ಹೊಲಿಗೆ ದಾರ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡಿದುಕೊಳ್ಳಬೇಕು. ಆಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ: ಹಳೇ ರೂಪಾಯಿಗೆ 1.13 ಗ್ರಾಂ ಹತ್ತಿರ ಬರುತ್ತದೆ, ಯುದ್ಧಕಾಲದ್ದಕ್ಕೆ 1.22. ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ಕೆಡುತ್ತದೆ, ದಾರವನ್ನು ಮೆಲ್ಲಗೆ ಅಲ್ಲಾಡಿಸಿ ಬಿಡಿಸಿ. ನಾಣ್ಯ ಸವೆದಿದ್ದರೆ ಅದರ ಒಣ ತೂಕವನ್ನು, ಅದನ್ನು ಮುಳುಗಿಸಿದಾಗ ತಕ್ಕಡಿ ತೋರಿಸಿದ ಅಂಕಿಯಿಂದ ಭಾಗಿಸಿ: 10.3 ಬಂದರೆ ಹಳೇ ಬೆಳ್ಳಿ, 9.5 ಬಂದರೆ ಅರ್ಧ ಬೆಳ್ಳಿ.

ಸರಿ, ಬೆಳ್ಳಿ ಯಾಕೆ ಇಷ್ಟೊಂದು ಇಳಿಸಿದರು? ನನಗೆ ಈ ನಾಣ್ಯದ ಹುಚ್ಚು ಹಿಡಿದಿದ್ದೇ ಇಲ್ಲಿಂದ. 1940ರ ಜೂನ್‌ನಲ್ಲಿ ಫ್ರಾನ್ಸ್ ಬಿತ್ತು. ಬ್ರಿಟನ್ನೂ ಸೋತರೆ ನೋಟಿಗೆ ಬೆಲೆ ಎಲ್ಲಿ ಅಂತ ಇಲ್ಲಿನ ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ತಂದು ಮನೆಯಲ್ಲಿ ಮುಚ್ಚಿಡತೊಡಗಿದರು. ನೋಡಿ, ಆಗ ಆ ರೂಪಾಯಿಯಲ್ಲಿದ್ದ ಬೆಳ್ಳಿಯ ಬೆಲೆಯೂ ಒಂದು ರೂಪಾಯಿಗಿಂತ ಕಡಿಮೆಯೇ. ಆದರೂ ಜನರಿಗೆ ಲೋಹದ ಮೇಲಿದ್ದ ನಂಬಿಕೆ ಸರ್ಕಾರದ ಕಾಗದದ ಮೇಲೆ ಇರಲಿಲ್ಲ, ಅದು ತಪ್ಪು ಅಂತ ನನಗೂ ಅನಿಸುವುದಿಲ್ಲ. ಚಿಲ್ಲರೆ ಸಿಗದೆ ವ್ಯಾಪಾರ ನಿಲ್ಲುವ ಹಾಗಾಯಿತು. ಸರ್ಕಾರ ಅಗತ್ಯಕ್ಕಿಂತ ಜಾಸ್ತಿ ನಾಣ್ಯ ಕೂಡಿಡುವುದನ್ನೇ ಅಪರಾಧ ಮಾಡಿತು, 1935ರ ಇಸವಿ ಇರುವ ಒಂದು ರೂಪಾಯಿ ನೋಟನ್ನು ಹೊರಗೆ ಬಿಟ್ಟಿತು, ರೂಪಾಯಿಯ ಬೆಳ್ಳಿಯನ್ನೂ ಇಳಿಸಿತು. ವಿಕ್ಟೋರಿಯಾ ರಾಣಿಯ ನಾಣ್ಯಗಳ ಚಲಾವಣೆ 1941ರಲ್ಲಿ ನಿಂತಿತು. ಹಳೇ ರೂಪಾಯಿಯಲ್ಲಿ 10.69 ಗ್ರಾಂ ಬೆಳ್ಳಿ, ಹೊಸದಕ್ಕೆ 5.83 ಸಾಕು, ಅಂದರೆ ಹಳೇದೊಂದನ್ನು ಕರಗಿಸಿದರೆ ಹೊಸದು ಹೆಚ್ಚುಕಡಿಮೆ ಎರಡು! ಅಂಚಿನ ತೋಡಿಗೂ ಇದೇ ಕಾರಣ. ಬೆಳ್ಳಿ ಕಡಿಮೆ ಇದ್ದಷ್ಟೂ ಖೋಟಾ ನಾಣ್ಯ ಹೊಡೆಯುವವನಿಗೆ ಲಾಭ ಜಾಸ್ತಿ ಅಲ್ವಾ, ಆ ತೋಡನ್ನು ನಕಲು ಮಾಡುವುದು ಸುಲಭವಲ್ಲ.

ಅಷ್ಟಾದರೂ ಬೆಳ್ಳಿ ಸಾಲಲಿಲ್ಲ. ಬ್ರಿಟಿಷರು ಅಮೆರಿಕದಿಂದ ಸುಮಾರು 22.6 ಕೋಟಿ ಔನ್ಸ್ ಸಾಲ ತಂದರು, ಬೆಳ್ಳಿಯಾಗಿಯೇ ವಾಪಸ್ ಕೊಡುವ ಷರತ್ತಿನ ಮೇಲೆ. ಅದರಲ್ಲಿ ತನ್ನ ಪಾಲನ್ನು 1957ರಲ್ಲಿ ತೀರಿಸಿದ್ದು ಸ್ವತಂತ್ರ ಭಾರತ, ಇದೇ ಅರ್ಧ ಬೆಳ್ಳಿಯ ನಾಣ್ಯಗಳನ್ನು ವಾಪಸ್ ಪಡೆದು ಕರಗಿಸಿ. ಹುಲಿಯ ಚಿತ್ರದ 1947ರ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಪೂರ್ತಿ ನಿಕ್ಕಲ್. ಅದಕ್ಕೆ ನೀರು, ದಾರ ಏನೂ ಬೇಡ, ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ.