ಮೌಸ್ ಸತ್ತಿಲ್ಲ, ಸ್ವಲ್ಪ ತಾಳಿ

ಒಂದು ರಾತ್ರಿ ನನ್ನ ವೈರ್‌ಲೆಸ್ ಮೌಸ್ ಕುಂಟತೊಡಗಿತು. ಕರ್ಸರ್ ಸ್ವಲ್ಪ ದೂರ ಓಡುವುದು, ನಿಲ್ಲುವುದು, ಆಮೇಲೆ ಎಲ್ಲೋ ಹಾರುವುದು. ಹೊಸ ಬ್ಯಾಟರಿ ಹಾಕಿದೆ. ಮೌಸನ್ನು ಕಂಪ್ಯೂಟರ್ ಜೊತೆ ಕೆಲಸ ಮಾಡಿಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ತೆಗೆದು ಮತ್ತೆ ಹಾಕಿದೆ. ಎರಡು ಗಂಟೆ ಹೋಯಿತು. ಫೋಟೋ ಕಾಪಿ ಮಾಡಲು ಸಿಕ್ಕಿಸಿದ್ದ ಹಾರ್ಡ್ ಡಿಸ್ಕನ್ನು ಕೊನೆಗೆ ಕಿತ್ತಿಟ್ಟೆ ನೋಡಿ, ಮೌಸ್ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡಿತು!

ವೈರ್‌ಲೆಸ್ ಮೌಸ್ ಮತ್ತು ಕಂಪ್ಯೂಟರ್‌ಗೆ ಸಿಕ್ಕಿಸುವ ಅದರ ಪುಟ್ಟ ರಿಸೀವರ್ ಮಾತಾಡುವುದು 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ. ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಮತ್ತು ಅದರ ಕೇಬಲ್ ಕೆಲಸ ಮಾಡುವಾಗ ಅಲ್ಲೇ ಗದ್ದಲ ಎಬ್ಬಿಸುತ್ತವೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ತೋರಿಸಿದೆ. ರಿಸೀವರನ್ನು ಹಾರ್ಡ್ ಡಿಸ್ಕ್‌ನಿಂದ ದೂರದ ಪೋರ್ಟ್‌ಗೆ ಹಾಕಿ. ಚಿಕ್ಕ ಎಕ್ಸ್‌ಟೆನ್ಶನ್ ಕೇಬಲ್ ಇದ್ದರೆ ರಿಸೀವರನ್ನು ಮೌಸ್ ಪಕ್ಕಕ್ಕೇ ತಂದಿಡಿ, ಇನ್ನೂ ಒಳ್ಳೆಯದು.

ಆವತ್ತಿನಿಂದ ನಾನು ಸೆಟ್ಟಿಂಗ್ ಮುಟ್ಟುವ ಮೊದಲು ತಪ್ಪು ಯಾರದು ಅಂತ ನೋಡುತ್ತೇನೆ. ಮೌಸನ್ನು ಇನ್ನೊಂದು ಕಂಪ್ಯೂಟರ್‌ಗೆ ಹಾಕಿ. ಅಲ್ಲಿ ಓಡಿದರೆ ಮೌಸ್ ಸರಿಯಿದೆ, ಪೋರ್ಟ್ ಬದಲಿಸಿ ನೋಡಿ. ಮಧ್ಯೆ ಒಂದು ಪೋರ್ಟನ್ನು ಹಲವು ಮಾಡುವ ಯುಎಸ್‌ಬಿ ಹಬ್ ಇದ್ದರೆ ತೆಗೆದು ನೇರವಾಗಿ ಸಿಕ್ಕಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ಮೌಸ್ ತಿರುಗಿಸಿ ಹೊಟ್ಟೆಯನ್ನೂ ನೋಡಿ. ಸ್ವಿಚ್ ಆಫ್ ಆಗಿರಬಹುದು, ನಗಬೇಡಿ. ಸೆನ್ಸರ್ ಇರುವ ತೂತಿನಲ್ಲಿ ಒಂದು ಕೂದಲು ಕೂತರೂ ಕರ್ಸರ್ ನಡುಗುತ್ತದೆ. ಗಾಜಿನ ಮೇಜಾದರೆ ಕೆಳಗೆ ಒಂದು ಕಾಗದ ಇಟ್ಟು ಆಡಿಸಿ.

ಕೀಬೋರ್ಡ್‌ಗೆ ನನ್ನ ಮೊದಲ ಪರೀಕ್ಷೆ ಕ್ಯಾಪ್ಸ್ ಲಾಕ್. ಒತ್ತಿದಾಗ ಅದರ ದೀಪ ಹತ್ತಿ ಆರಿದರೆ ಕಂಪ್ಯೂಟರ್‌ಗೆ ನಿಮ್ಮ ಮಾತು ಕೇಳಿಸುತ್ತಿದೆ. ದೀಪವೂ ಇಲ್ಲ, ಮೌಸೂ ಅಲ್ಲಾಡುತ್ತಿಲ್ಲ ಅಂದರೆ ಕಂಪ್ಯೂಟರೇ ಹ್ಯಾಂಗ್ ಆಗಿರಬಹುದು. ರೀಸ್ಟಾರ್ಟ್ ಮಾಡಿ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆಗೆ, ಹೋಗಿ ನೋಡಿ. ಅಲ್ಲಿ ಕೀಗಳು ಕೆಲಸ ಮಾಡಿದರೆ ಕೀಬೋರ್ಡ್‌ಗೆ ಏನೂ ಆಗಿಲ್ಲ, ವಿಂಡೋಸ್ ಒಳಗೇ ಏನೋ ಕೆಟ್ಟಿದೆ.

ದೀಪ ಹತ್ತುತ್ತದೆ, ಆದರೆ ಅಕ್ಷರ ಬೀಳುತ್ತಿಲ್ಲವಾ? ಕೀಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ನೋಡಿ. ಆಗ ಬಿದ್ದರೆ ಅದು ಫಿಲ್ಟರ್ ಕೀಸ್ ಕೆಲಸ, ಚುಟುಕು ಒತ್ತುಗಳನ್ನು ಲೆಕ್ಕಕ್ಕೇ ತಗೊಳ್ಳದ ವಿಂಡೋಸ್ ಸೌಲಭ್ಯ. ಏನೋ ಯೋಚಿಸುತ್ತಾ ಬಲಗಡೆಯ ಶಿಫ್ಟ್ ಮೇಲೆ 8 ಸೆಕೆಂಡ್ ಬೆರಳಿಟ್ಟು ಕೂತರೆ ವಿಂಡೋಸ್ ಇದನ್ನು ಆನ್ ಮಾಡಲಾ ಅಂತ ಕೇಳುತ್ತದೆ. ನಾವು ಓದದೆ ಎಂಟರ್ ಒತ್ತುತ್ತೇವೆ, ಅಲ್ವಾ? ಅದೇ ಶಿಫ್ಟನ್ನು ಮತ್ತೆ 8 ಸೆಕೆಂಡ್ ಹಿಡಿದರೆ ಆಫ್ ಆಗುತ್ತದೆ.

ಒಂದು ಕೈಕೊಟ್ಟಾಗ ಇನ್ನೊಂದರಿಂದ ಸಂಭಾಳಿಸಬಹುದು. ಕೀಬೋರ್ಡ್ ಇಲ್ಲದಿದ್ದರೆ ಲಾಗಿನ್ ಪರದೆಯ ಮೂಲೆಯಲ್ಲಿರುವ ಆಕ್ಸೆಸಿಬಿಲಿಟಿ ಚಿತ್ರ ಒತ್ತಿ, ಪರದೆ ಮೇಲೇ ಕೀಬೋರ್ಡ್ ತೆರೆಯಿರಿ. ಮೌಸ್ ಇಲ್ಲದಿದ್ದರೆ ವಿಂಡೋಸ್ ಕೀ ಜೊತೆ ಎಕ್ಸ್, ಆಮೇಲೆ ಎಂ ಒತ್ತಿ. ಕಂಪ್ಯೂಟರ್‌ನ ಸಾಧನಗಳ ಪಟ್ಟಿ ಇರುವ ಡಿವೈಸ್ ಮ್ಯಾನೇಜರ್ ಬರುತ್ತದೆ. ಅಲ್ಲಿ ಕೆಟ್ಟ ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ತಾನೇ ಹೊಸದಾಗಿ ಗುರುತಿಸಿಕೊಳ್ಳುತ್ತದೆ. ಕಂಪ್ಯೂಟರ್ ನಿದ್ದೆಯಿಂದ ಎದ್ದಾಗ ಮಾತ್ರ ಮೌಸ್ ಸಾಯುತ್ತಿದ್ದರೆ ಅಲ್ಲೇ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಕರೆಂಟ್ ಉಳಿಸಲು ಆಫ್ ಮಾಡುವ ಟಿಕ್ ತೆಗೆಯಿರಿ.

ಹಳೆಯ ದುಂಡು ಪಿನ್ನಿನ ಕೀಬೋರ್ಡ್ ಆದರೆ ಕಂಪ್ಯೂಟರ್ ಆಫ್ ಮಾಡಿಯೇ ಕಿತ್ತು ಹಾಕಿ.

ನೀರು ಚೆಲ್ಲಿದರೆ ಮೊದಲು ಕೇಬಲ್ ಕೀಳಿ, ಕೀಬೋರ್ಡ್ ಬೋರಲು ಹಾಕಿ ಒಂದೆರಡು ದಿನ ಬಿಡಿ. ಬೇಗ ಒಣಗಲಿ ಅಂತ ಹೇರ್ ಡ್ರೈಯರ್ ಬಿಸಿ ಹಿಡಿದು ನಾನೊಂದು ಕೀಬೋರ್ಡಿನ ಕೀಗಳನ್ನು ಸೊಟ್ಟ ಮಾಡಿದ್ದೇನೆ. ಅದು ಈಗಲೂ ಕೆಲಸ ಮಾಡುತ್ತದೆ, ಸ್ಪೇಸ್ ಬಾರ್ ಒಂದು ಬಿಟ್ಟು.