ಒಂದು ಹಡಗು, ಕೊನೆಯಿಲ್ಲದ ಸಮುದ್ರ: ಕಾವಲು ಕಾಯುವುದು ಹೇಗೆ?

ಫ್ರಾನ್ಸ್ ಇರುವುದು ಯುರೋಪಿನಲ್ಲಿ. ಅದರ ಪಾಲಿನ ಸಮುದ್ರ ಮಾತ್ರ ಹೆಚ್ಚಾಗಿ ಇರುವುದು ತಹಿತಿ, ನ್ಯೂ ಕ್ಯಾಲೆಡೋನಿಯಾ, ಮಾರ್ಟಿನಿಕ್, ರಿಯೂನಿಯನ್‌ನಂಥ ದೂರದ ದ್ವೀಪಗಳ ಸುತ್ತ. ಒಟ್ಟು ಸುಮಾರು 1 ಕೋಟಿ ಚದರ ಕಿಲೋಮೀಟರ್. ಇದನ್ನು ಕಾಯಲೆಂದೇ 1990ರ ದಶಕದ ಶುರುವಿನಲ್ಲಿ ಫ್ಲೋರೆಯಾಲ್ ವರ್ಗದ 6 ನಿಗಾ ಫ್ರಿಗೇಟ್‌ಗಳು (ಗಸ್ತು ತಿರುಗುವ ನೌಕೆಗಳು) ಫ್ರೆಂಚ್ ನೌಕಾಪಡೆಗೆ ಬಂದವು. ಅದರಲ್ಲಿ ‘ನಿವೋಸ್’ ಹಿಂದೂ ಮಹಾಸಾಗರದ ರಿಯೂನಿಯನ್‌ನಲ್ಲಿ ಲಂಗರು ಹಾಕುತ್ತದೆ. ಕಳ್ಳ ಮೀನುಗಾರರನ್ನು ಇಂಥ ಹಡಗು ಹಿಡಿಯುವುದು ಹೇಗೆ, ನೋಡೋಣ.

ಮೊದಲು ಸರಿಯಾದ ಹಡಗು ಬೇಕು. ಕ್ಷಿಪಣಿ ತುಂಬಿದ ಯುದ್ಧನೌಕೆ ಈ ಕೆಲಸಕ್ಕೆ ದುಬಾರಿ. ಅದಕ್ಕೇ ಫ್ಲೋರೆಯಾಲ್ ವರ್ಗವನ್ನು ಫ್ರಾನ್ಸಿನ ಸ್ಯಾಂ ನಜೇರ್‌ನಲ್ಲಿ ವ್ಯಾಪಾರಿ ಹಡಗು ಕಟ್ಟುವ ರೀತಿಯಲ್ಲೇ ಕಟ್ಟಿದರು. ಉದ್ದ 93.5 ಮೀಟರ್, ಡೀಸೆಲ್ ಎಂಜಿನ್ 4, ಮುಂದೆ 100 ಮಿ.ಮೀ. ತೋಪು, ಹಿಂದೆ ಹೆಲಿಕಾಪ್ಟರ್. ವೇಗ ಹೆಚ್ಚೆಂದರೆ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿ.ಮೀ. ಯುದ್ಧನೌಕೆಗೆ ಇದು ಕಡಿಮೆಯೇ. ಆದರೆ 15 ನಾಟ್ ವೇಗದಲ್ಲಿ ಹೋದರೆ ಒಮ್ಮೆ ತುಂಬಿದ ಇಂಧನದಲ್ಲಿ 10,000 ನಾಟಿಕಲ್ ಮೈಲಿ, ಅಂದರೆ ಸುಮಾರು 18,500 ಕಿಲೋಮೀಟರ್ ಸಾಗುತ್ತದೆ. ಇದರ ನಿಜವಾದ ಆಯುಧ ತೋಪಲ್ಲ, ಇಂಧನದ ಟ್ಯಾಂಕು.

ಆಮೇಲೆ ಲೆಕ್ಕ. ರಿಯೂನಿಯನ್‌ನಿಂದ ದಕ್ಷಿಣಕ್ಕೆ ಫ್ರಾನ್ಸಿನದೇ ಆದ ಕೆರ್ಗೆಲೆನ್ ದ್ವೀಪಗಳಿಗೆ ಸುಮಾರು 3,400 ಕಿಲೋಮೀಟರ್. 15 ನಾಟ್, ಅಂದರೆ ಗಂಟೆಗೆ 28 ಕಿ.ಮೀ. ಎಂದು ಹಿಡಿದರೂ ಹೋಗಲು 5 ದಿನ, ಬರಲು 5 ದಿನ. ಅಲ್ಲಿ ಡೀಸೆಲ್ ತುಂಬಿಸುವ ಬಂದರಿಲ್ಲ, ಊರಿಲ್ಲ, ಮರವೂ ಇಲ್ಲ. ಇರುವುದು ವಿಜ್ಞಾನಿಗಳ ಒಂದು ನೆಲೆ, ಬಿಟ್ಟರೆ ಬಿಡುವಿಲ್ಲದ ಗಾಳಿ. ಅಷ್ಟು ದೂರಕ್ಕೆ ಕಳ್ಳರು ಯಾಕೆ ಬರುತ್ತಾರೆ ಅಂದರೆ, ಅಲ್ಲಿನ ಸಮುದ್ರದ ಆಳದಲ್ಲಿ ಪ್ಯಾಟಗೋನಿಯನ್ ಟೂತ್‌ಫಿಶ್ ಎಂಬ ಮೀನಿದೆ. ತುಂಬಾ ದುಬಾರಿ ಮೀನು.

ಮೂರನೆಯದು ಹುಡುಕಾಟ. ಸುಮ್ನೆ ಅಡ್ಡಾಡಿದರೆ ಏನೂ ಸಿಗದು. ಕಳ್ಳ ಹಡಗುಗಳು ತಮ್ಮ ಗುರುತು ಹೇಳುವ ಯಂತ್ರವನ್ನೇ ಆಫ್ ಮಾಡಿಬಿಡುತ್ತವೆ. ಆದರೆ ರಾಡಾರ್ ಉಪಗ್ರಹಕ್ಕೆ ಮೋಡದ ಅಡಿಯ ಕಬ್ಬಿಣವೂ ಕಾಣುತ್ತದೆ. ಉಪಗ್ರಹಕ್ಕೆ ಕಂಡ ಹಡಗು ಗುರುತಿನ ಪಟ್ಟಿಯಲ್ಲಿ ಇಲ್ಲವೇ? ಅನುಮಾನ ಶುರು. ಹತ್ತಿರ ಹೋಗಿ ನೋಡಿಬರುವುದು ಹೆಲಿಕಾಪ್ಟರ್. ವಿಮಾನದ ಕಣ್ಣೂ ಬೇಕಾಗುತ್ತದೆ: 2020ರಲ್ಲಿ ನಮ್ಮ ನೌಕಾಪಡೆಯ ಪಿ-8ಐ ವಿಮಾನ ರಿಯೂನಿಯನ್‌ನಿಂದಲೇ ಹಾರಿ ಫ್ರೆಂಚರ ಜೊತೆ ಗಸ್ತು ತಿರುಗಿತ್ತು.

ಕೊನೆಗೆ ಹತ್ತುವುದು. ರೇಡಿಯೊದಲ್ಲಿ ಕರೆದು ನಿಲ್ಲಲು ಹೇಳುತ್ತಾರೆ. ರಬ್ಬರ್ ದೋಣಿಯಲ್ಲಿ ತಂಡ ಹೋಗುತ್ತದೆ. ಪರವಾನಗಿ, ಮೀನಿನ ಲೆಕ್ಕದ ಪುಸ್ತಕ, ಶೀತಲ ಕೋಣೆ, ಎಲ್ಲವನ್ನೂ ತಾಳೆ ನೋಡುತ್ತಾರೆ. ತಪ್ಪು ಸಿಕ್ಕರೆ ಹಡಗನ್ನೇ ರಿಯೂನಿಯನ್‌ಗೆ ಎಳೆತರುತ್ತಾರೆ.

ಇದೇ ವಿದ್ಯೆ ಬೇರೆ ಕಡೆಯೂ ಉಪಯೋಗಕ್ಕೆ ಬಂದಿದೆ. 2009ರ ಏಪ್ರಿಲ್‌ನಲ್ಲಿ ನಿವೋಸ್ 11 ಜನ ಸೊಮಾಲಿ ಕಡಲ್ಗಳ್ಳರನ್ನು ಹಿಡಿಯಿತು.

ವಶವಾದ ಹಡಗು ಏನಾಗುತ್ತದೆ ಅಂತೀರಾ? 2004ರಲ್ಲಿ ಕೆರ್ಗೆಲೆನ್ ಬಳಿ ಸಿಕ್ಕಿಬಿದ್ದ ‘ಅಪಾಚೆ’ ಎಂಬ ಕಳ್ಳ ಮೀನುಗಾರಿಕಾ ಹಡಗಿಗೆ ಫ್ರೆಂಚರು ಬೇರೆ ಬಣ್ಣ ಬಳಿದು, ‘ಲ ಮಲ್ಯಾಂ’ ಎಂದು ಹೆಸರಿಟ್ಟು, ತಮ್ಮದೇ ನೌಕಾಪಡೆಯ ಗಸ್ತು ಕೆಲಸಕ್ಕೆ ಹಾಕಿಕೊಂಡರು.